ಕಪ್ಪು ಕಾಗದ ತಡೆದದ್ದು ಏನನ್ನು?

ದ್ಯುತಿಸಂಶ್ಲೇಷಣೆಯ ಆ ಪ್ರಯೋಗ ಹೈಸ್ಕೂಲು ದಾಟಿದ ಬಹುತೇಕರಿಗೆ ಗೊತ್ತು. ಕುಂಡದ ದಾಸವಾಳವನ್ನು ಎರಡು ಮೂರು ದಿನ ಕತ್ತಲೆಯಲ್ಲಿಟ್ಟು, ಎಲೆಯೊಂದರ ನಡುವೆ ಎರಡೂ ಕಡೆ ಕಪ್ಪು ಕಾಗದದ ಪಟ್ಟಿ ಸಿಕ್ಕಿಸಿ ಬಿಸಿಲಿಗಿಡುತ್ತಾರೆ. ಆಮೇಲೆ ಆ ಎಲೆಯನ್ನು ಕಿತ್ತು ನೀರಿನಲ್ಲಿ ಕುದಿಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟ ಸ್ಪಿರಿಟ್‌ನಲ್ಲಿ ಹಸಿರು ಬಿಡಿಸಿ, ತೊಳೆದು ಅಯೋಡಿನ್ ಹನಿಸುತ್ತಾರೆ. ಎಲೆ ಕಡುನೀಲಿಯಾಗುತ್ತದೆ, ಪಟ್ಟಿಯಿದ್ದ ಜಾಗದಲ್ಲಿ ಅಯೋಡಿನ್‌ನ ಕಂದು ಹಾಗೇ ಉಳಿಯುತ್ತದೆ. ಪಿಷ್ಟ ತಯಾರಾಗಲು ಬೆಳಕು ಬೇಕೆಂದು ಸಾಬೀತಾಯಿತು ಅಂತ ಮಕ್ಕಳು ಬರೆದುಕೊಳ್ಳುತ್ತಾರೆ.

ನಿಜವಾಗಿ ಸಾಬೀತಾಯಿತೇ? ಕಾಗದ ಬೆಳಕಿನ ಜೊತೆಗೆ ಗಾಳಿಯನ್ನೂ ತಡೆದಿರಬಹುದಲ್ಲ! ಹಿಂದಿನ ಬೆಂಚಿನ ಹುಡುಗಿ ಹೀಗೆ ಕೇಳಿದರೆ ‘ಮೊದಲು ಬರ್ಕೋಮ್ಮ’ ಎನ್ನುವ ಮೇಷ್ಟ್ರೇ ಹೆಚ್ಚು. ನನ್ನ ಮಟ್ಟಿಗೆ ಅವತ್ತಿನ ಪಾಠ ಶುರುವಾಗುವುದೇ ಆ ಪ್ರಶ್ನೆಯಿಂದ. ಪಕ್ಕದ ಎಲೆಗೆ ಅದೇ ಅಳತೆಯ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ ಸಿಕ್ಕಿಸಿ ನೋಡಬೇಕು. ಅದರಡಿಯಲ್ಲಿ ನೀಲಿ ಬಂದರೆ ಕಾಗದ ತಡೆದದ್ದು ಬೆಳಕನ್ನೇ ಎನ್ನಲು ಆಧಾರ ಸಿಕ್ಕಿತು. ಬಾರದಿದ್ದರೆ ಮತ್ತೆ ಯೋಚಿಸಬೇಕು. ಗಿಡವನ್ನು ಕತ್ತಲೆಯಲ್ಲಿಡುವುದೂ ಬರೀ ಶಾಸ್ತ್ರಕ್ಕಲ್ಲ. ಮೊನ್ನೆಯ ಪಿಷ್ಟ ಎಲೆಯಲ್ಲಿ ಉಳಿದಿದ್ದರೆ ಇವತ್ತಿನದು ಯಾವುದೆಂದು ಹೇಳುವುದು ಹೇಗೆ?

ಕೈಯಾರೆ ಮಾಡಿ ಕಣ್ಣಾರೆ ಕಂಡರೂ ತೀರ್ಮಾನ ದಾರಿ ತಪ್ಪಬಹುದು. 17ನೇ ಶತಮಾನದಲ್ಲಿ ಬ್ರಸೆಲ್ಸ್‌ನ ವ್ಯಾನ್ ಹೆಲ್ಮಾಂಟ್ ಒಣಮಣ್ಣನ್ನು ತೂಗಿ ಕುಂಡಕ್ಕೆ ತುಂಬಿ ವಿಲೋ ಸಸಿ ನೆಟ್ಟ, ಐದು ವರ್ಷ ನೀರು ಮಾತ್ರ ಹಾಕಿದ. ಗಿಡ ಸುಮಾರು 74 ಕಿಲೋ ಹೆಚ್ಚಿತು, ಮಣ್ಣು ಕರಗಿದ್ದು 60 ಗ್ರಾಂಗೂ ಕಡಿಮೆ. ಗಿಡ ಮಣ್ಣು ತಿಂದು ಬೆಳೆಯುತ್ತದೆಂಬ ನಂಬಿಕೆಗೆ ಅದು ಪೆಟ್ಟು. ಆದರೆ ಅವನು ಎಲ್ಲವನ್ನೂ ನೀರಿನ ಲೆಕ್ಕಕ್ಕೆ ಬರೆದ. ಇದ್ದಿಲು ಉರಿದಾಗ ಬರುವ ಅನಿಲವನ್ನು ಗುರುತಿಸಿದ್ದವನೂ ಅವನೇ; ಗಿಡದ ತೂಕದಲ್ಲಿ ಅದಕ್ಕೆ ಪಾಲಿದೆಯೆಂದು ಅವನಿಗೆ ಹೊಳೆಯಲಿಲ್ಲ.

ಸಿಲಬಸ್ ಮುಗಿಸಬೇಕು, ತರಗತಿ ತುಂಬ ಮಕ್ಕಳು, ಸ್ಪಿರಿಟ್‌ಗೆ ದುಡ್ಡಿಲ್ಲ ಎಂಬ ಮೇಷ್ಟ್ರುಗಳ ದೂರು ಸುಳ್ಳಲ್ಲ. ಹಾಗಾದರೆ ಹತ್ತು ಪ್ರಯೋಗದ ಬದಲು ಎರಡೇ ಮಾಡಲಿ, ಅಯೋಡಿನ್ ಹನಿಸುವ ಮೊದಲು ಏನಾಗುತ್ತದೆಂದು ಮಕ್ಕಳಿಂದಲೇ ಹೇಳಿಸಲಿ. ಎರಡನೆಯದಕ್ಕೆ ಈರುಳ್ಳಿ ಎಲೆ ಒಳ್ಳೆಯದು. ಇಡೀ ದಿನ ಬಿಸಿಲುಂಡಿದ್ದರೂ ಅದು ನೀಲಿಯಾಗುವುದಿಲ್ಲ, ಏಕೆಂದರೆ ತಯಾರಿಸಿದ್ದನ್ನು ಎಲೆಯಲ್ಲಿ ಸಕ್ಕರೆಯಾಗಿಯೇ ಇಟ್ಟುಕೊಳ್ಳುತ್ತದೆ. ಪ್ರಯೋಗ ಕೆಟ್ಟಿತೆಂದು ಅದನ್ನು ಎಸೆಯದೆ ದಾಸವಾಳದ ಪಕ್ಕದಲ್ಲೇ ಇಟ್ಟರೆ, ಅಯೋಡಿನ್ ಪತ್ತೆಹಚ್ಚುವುದು ಪಿಷ್ಟವನ್ನಷ್ಟೇ ಎಂಬುದನ್ನು ಮೇಷ್ಟ್ರು ಬಾಯಿಬಿಡುವ ಮೊದಲೇ ಯಾರಾದರೂ ಹೇಳಿಬಿಡುತ್ತಾರೆ.