ಮನೆಯವರ ಪಾಲಿನ ಒಂದು ದಿನ

ಗಲ್ಫಿನಿಂದ ರಜೆಯಲ್ಲಿ ಊರಿಗೆ ಬರುವ ತಂದೆಯ ದಿನಚರಿ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ನಮ್ಮ ಮನೆಗಳಲ್ಲಿ ಬಹುತೇಕ ಒಂದೇ ಬಗೆಯದು. ಮದುವೆ, ಸಂಬಂಧಿಕರ ಮನೆಯ ಔತಣ, ಜಾಗದ ದಾಖಲೆ, ಬ್ಯಾಂಕಿನ ಕೆಲಸ. ನಲವತ್ತೋ ಅರವತ್ತೋ ದಿನಗಳು ಹೀಗೆಯೇ ಕರಗುತ್ತವೆ. ಹಿಂದಿರುಗುವ ವಾರ ಮಕ್ಕಳ ನೆನಪಾಗಿ, ಒಂದು ವಾಹನ ಗೊತ್ತುಮಾಡಿ, ಮೈಸೂರಿಗೋ ಊಟಿಗೋ ಓಡುವುದಿದೆ. ಮಕ್ಕಳ ಅರ್ಧ ದಿನ ಘಾಟಿಯ ತಿರುವುಗಳಲ್ಲಿ, ಉಳಿದರ್ಧ ಟಿಕೆಟಿನ ಸಾಲಿನಲ್ಲಿ ಕಳೆಯುತ್ತದೆ. ಮಕ್ಕಳಿಗೆ ತಂದೆಯ ಜೊತೆಗಿನ ಒಂದು ದಿನ ಸಿಗಬೇಕಾದರೆ ಇಷ್ಟು ದೂರ ಹೋಗಬೇಕಾಗಿಲ್ಲ ಎಂಬುದು ನಮ್ಮ ಅಭಿಪ್ರಾಯ. ಅದಕ್ಕಿಂತ ಮುಖ್ಯವಾಗಿ, ಆ ದಿನದ ಲೆಕ್ಕದಲ್ಲಿ ತಾಯಿಯ ವಿಶ್ರಾಂತಿಯೂ ಆಕೆಯ ನಮಾಝೂ ಸೇರಬೇಕು.

ವಿಹಾರವೆಂದರೆ ಕಾಲಹರಣ ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. ದುಂದುವೆಚ್ಚದ ಕುರಿತ ಅವರ ಆತಂಕ ನ್ಯಾಯವಾದುದೇ. ಆದರೆ ಪ್ರವಾದಿವರ್ಯರು(ಸ) ಅನಸ್‌ರವರ(ರ) ಪುಟ್ಟ ತಮ್ಮ ಅಬೂ ಉಮೈರ್‌ನೊಡನೆ ಅವನ ಹಕ್ಕಿಮರಿಯ ವಿಷಯ ಮಾತನಾಡುತ್ತಿದ್ದರು. ಪ್ರಯಾಣದ ನಡುವೆ ಆಯಿಶಾರೊಡನೆ(ರ) ಓಟದ ಪಂದ್ಯ ನಡೆಸಿದ್ದರು. ಒಂದು ಸಮುದಾಯವನ್ನು ಮುನ್ನಡೆಸುತ್ತಿದ್ದವರಿಗೆ ಇದಕ್ಕೆಲ್ಲ ಬಿಡುವಿತ್ತು ಎಂಬುದನ್ನು ನಮ್ಮ ಜಮಾಅತಿನ ಪದಾಧಿಕಾರಿಗಳೂ ಗಮನಿಸಬಹುದು.

ಹತ್ತಿರದಲ್ಲಿ ನೋಡಲು ಏನಿದೆ ಎಂದು ಕೇಳುವವರಿಗೆ ಪುತ್ತೂರು ಪರ್ಲಡ್ಕದ ಬಾಲವನವನ್ನು ಮೊದಲು ಹೆಸರಿಸುತ್ತೇವೆ. 1977ರ ಜ್ಞಾನಪೀಠ ಪ್ರಶಸ್ತಿ ಪಡೆದ ಶಿವರಾಮ ಕಾರಂತರು ದಶಕಗಳ ಕಾಲ ಬದುಕಿ ಬರೆದ ಸ್ಥಳವದು. ಮಕ್ಕಳು ನೋಡಿ, ಆಡಿ, ಮಾಡಿ ಕಲಿಯಬೇಕೆಂಬ ಹಂಬಲದಿಂದ ಅವರು ಇಲ್ಲಿ ಶಿಕ್ಷಣದ ಪ್ರಯೋಗ ನಡೆಸಿದರು. ಮಕ್ಕಳಿಗಾಗಿಯೇ ಬಾಲಪ್ರಪಂಚ ಎಂಬ ವಿಶ್ವಕೋಶ ಬರೆದರು. ಅವರ ಮನೆಯನ್ನು ಉಳಿಸಿಕೊಳ್ಳಲಾಗಿದೆ. ಪರಸ್ಪರ ಸಂಶಯ ಬೆಳೆಯುತ್ತಿರುವ ಈ ಜಿಲ್ಲೆಯಲ್ಲಿ ಸಾರ್ವಜನಿಕ ಉದ್ಯಾನದಲ್ಲಿ ಕುಳಿತುಕೊಳ್ಳಲು ಬುರ್ಖಾ ಧರಿಸಿದ ತಾಯಿ ಹಿಂಜರಿಯುವುದನ್ನು ನಾವು ಬಲ್ಲೆವು. ಆದರೂ ಎಲ್ಲ ಮನೆಗಳ ಮಕ್ಕಳು ಬರುವ ಇಂತಹ ಜಾಗಗಳಿಂದ ನಮ್ಮ ಮಕ್ಕಳನ್ನು ದೂರವಿಡುವುದು ತರವಲ್ಲ. ಇರ್ದೆಯ ಬೆಂದ್ರ್ ತೀರ್ಥದ ಬಿಸಿನೀರ ಬುಗ್ಗೆಯನ್ನೂ ತೋರಿಸಬಹುದು. ಗಂಧಕದ ವಾಸನೆ ಮೂಗಿಗೆ ಬಡಿದಾಗ ಮಕ್ಕಳು ಕೇಳುವ ಪ್ರಶ್ನೆಗಳಿಗೆ ಭೂಗರ್ಭದವರೆಗೆ ಉತ್ತರ ಹುಡುಕಬೇಕಾದೀತು. ಅದು ಇತರರು ಪವಿತ್ರವೆಂದು ಭಾವಿಸುವ ಸ್ಥಳವಾದ್ದರಿಂದ ಅಲ್ಲಿ ಮಕ್ಕಳ ಗದ್ದಲಕ್ಕೆ ಮಿತಿಯಿರಲಿ.

ಕಡಬದ ಕಡೆಗೆ ರೈಲಿನಲ್ಲೇ ಹೋಗಬೇಕೆಂಬುದು ನಮ್ಮ ಶಿಫಾರಸು. ಕಬಕ ಪುತ್ತೂರು ನಿಲ್ದಾಣದಿಂದ ಪ್ಯಾಸೆಂಜರ್ ರೈಲು ಹತ್ತಿದರೆ ನರಿಮೊಗರು, ಕಾಣಿಯೂರು, ಎಡಮಂಗಲ ದಾಟಿ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣ ತಲುಪಬಹುದು. ಟಿಕೆಟಿನ ದರ ಅತ್ಯಲ್ಪ, ಕಿಟಕಿಯ ಸುಖ ದೊಡ್ಡದು. ಅಲ್ಲೇ ಸಮೀಪದಲ್ಲಿ 1972ರಲ್ಲಿ ಆರಂಭವಾದ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ಕಿದು ಕೇಂದ್ರವಿದೆ. ದಕ್ಷಿಣ ಏಷ್ಯಾದ ಅಂತಾರಾಷ್ಟ್ರೀಯ ತೆಂಗು ತಳಿ ಸಂಗ್ರಹ ಇರುವುದು ಅಲ್ಲಿಯೇ. ಮನೆಯ ಹಿತ್ತಿಲಿನ ತೆಂಗಿನ ಮರವನ್ನಷ್ಟೇ ಕಂಡ ಮಗು, ಕೈಗೆಟಕುವ ಎತ್ತರದಲ್ಲಿ ಗೊನೆ ಬಿಡುವ ಗಿಡ್ಡ ತಳಿಗಳನ್ನೂ ಹಳದಿ, ಕಿತ್ತಳೆ, ಹಸಿರು ಕಾಯಿಗಳನ್ನೂ ಒಂದೇ ತೋಟದಲ್ಲಿ ಕಂಡಾಗ ಸೃಷ್ಟಿಕರ್ತನ ವೈವಿಧ್ಯವನ್ನು ಉಸ್ತಾದರು ಬೇರೆಯಾಗಿ ವಿವರಿಸಬೇಕಾಗಿಲ್ಲ. ಅದು ಸಂಶೋಧನಾ ಕೇಂದ್ರ. ಮುಂಚಿತವಾಗಿ ವಿಚಾರಿಸಿ, ಅನುಮತಿ ಪಡೆದು ಹೋಗಬೇಕು.

ಸುಳ್ಯದ ಕಡೆ ನೋಡುವುದಕ್ಕಿಂತ ಕೇಳಿ ತಿಳಿಯುವುದು ಹೆಚ್ಚು. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಬ್ರಿಟಿಷರು ಈ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿ, ಧಾನ್ಯದ ಕಂದಾಯವನ್ನು ನಗದಾಗಿ ಮಾಡಿದಾಗ ರೈತರು ಸಿಡಿದೆದ್ದರು. 1837ರಲ್ಲಿ ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು ಮಂಗಳೂರಿನವರೆಗೂ ನಡೆದರು. ಬೆಳ್ಳಾರೆಯ ಪೇಟೆಯಲ್ಲಿ ಸೋಡ ಕುಡಿಯುವ ಹೊತ್ತಿನಲ್ಲಿ ಇಷ್ಟನ್ನು ಹೇಳಿ ಮುಗಿಸಬಹುದು. ಮುಂದೆ ದಾರಿಯುದ್ದಕ್ಕೂ ರಬ್ಬರ್ ತೋಟಗಳು. ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ ಹಾಲು ತೆಗೆಯುತ್ತ ಬಂದ ತಮಿಳು ಕುಟುಂಬಗಳು 1964ರ ಭಾರತ–ಶ್ರೀಲಂಕಾ ಒಪ್ಪಂದದ ಬಳಿಕ ಇಲ್ಲಿ ನೆಲೆ ಪಡೆದವರು. ದುಡಿಮೆಗಾಗಿ ಕಡಲು ದಾಟಿದವರ ಕಥೆ ಗಲ್ಫ್ ಉದ್ಯೋಗಿಯ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ.

ನೀರಿನ ವಿಷಯದಲ್ಲಿ ಮಾತ್ರ ನಾವು ಕಠಿಣವಾಗಿಯೇ ಹೇಳಬೇಕಾಗಿದೆ. ಕುಮಾರಧಾರಾ, ನೇತ್ರಾವತಿ, ಪಯಸ್ವಿನಿ ನದಿಗಳು ಬೇಸಿಗೆಯಲ್ಲಿ ಶಾಂತವಾಗಿ ಕಾಣುತ್ತವೆ. ಬಂಡೆಯ ಬುಡದ ಗುಂಡಿ ಮೇಲಿನಿಂದ ಕಾಣುವುದಿಲ್ಲ. ಮರಳು ತೆಗೆದ ಜಾಗದಲ್ಲಿ ಮೊಣಕಾಲುದ್ದದ ನೀರು ಒಂದೇ ಹೆಜ್ಜೆಗೆ ಆಳವಾಗುತ್ತದೆ. ನೆಂಟರ ಮನೆಗೆ ಬಂದ ಮಕ್ಕಳು ಹೊಳೆಗಿಳಿದು ಮರಳದ ಸುದ್ದಿಗಳನ್ನು ನಾವು ಎಷ್ಟು ಬಾರಿ ಓದಿಲ್ಲ! ಅದೃಷ್ಟವಶಾತ್ ಬಾಲವನದಲ್ಲಿ ಈಜುಕೊಳವಿದೆ. ರಜೆಯ ಒಂದು ಪ್ರವಾಸದ ಖರ್ಚನ್ನು ಮಕ್ಕಳ ಈಜು ತರಬೇತಿಗೆ ವಿನಿಯೋಗಿಸಲಿ. ಹೆಣ್ಣುಮಕ್ಕಳಿಗಾಗಿ ಪ್ರತ್ಯೇಕ ಸಮಯವನ್ನು ಪೋಷಕರು ಒಟ್ಟಾಗಿ ಕೇಳಲಿ.

ಇನ್ನು ತಾಯಂದಿರ ವಿಷಯ. ವಿಹಾರದ ದಿನ ಆಕೆ ಸುಬ್‌ಹಿಗೂ ಮುಂಚೆ ಎದ್ದು ತುಪ್ಪದನ್ನ, ಕೋಳಿ ಸಾರು ಸಿದ್ಧಪಡಿಸುತ್ತಾಳೆ. ದಿನವಿಡೀ ಕೂಸು ಆಕೆಯ ಸೊಂಟದಲ್ಲೇ. ಅಸ್ರ್ ಆದಾಗ ಪುರುಷರು ದಾರಿಯ ಮಸೀದಿಯಲ್ಲಿ ವುಝೂ ಮಾಡಿ, ನಮಾಝ್ ನಿರ್ವಹಿಸಿ, ಹಗುರಾಗಿ ಬರುತ್ತಾರೆ. ಆಕೆ ಕಾರಿನಲ್ಲೇ ಕುಳಿತಿರುತ್ತಾಳೆ. ಮನೆ ತಲುಪುವಾಗ ಮಗ್‌ರಿಬೂ ಕಳೆದಿರುತ್ತದೆ. ಈ ಮೂರು ತಾಲೂಕುಗಳೊಳಗಿನ ಸುತ್ತಾಟ ಶಾಫಿ ಮದ್‌ಹಬಿನ ಎರಡು ಮರ್‌ಹಲದ ದೂರವನ್ನು ಮುಟ್ಟುವುದಿಲ್ಲ. ಆದ್ದರಿಂದ ಜಮ್ಅ್, ಖಸ್ರ್‌ನ ರಿಯಾಯಿತಿಯೂ ಆಕೆಗಿಲ್ಲ. ಮನೆಮಂದಿಯ ಸಂತೋಷಕ್ಕೆಂದು ಹೊರಟ ದಿನ ಒಬ್ಬಳ ಫರ್ಳ್ ಖಝಾ ಆಗುವುದನ್ನು ನಾವು ಸಹಜವೆಂಬಂತೆ ಒಪ್ಪಿಕೊಂಡು ಬಂದಿದ್ದೇವೆ. ಅಡುಗೆಯನ್ನು ಹೊಟೇಲಿಗೆ ಬಿಟ್ಟು, ಮಗುವನ್ನು ತಂದೆ ಎತ್ತಿಕೊಂಡು, ಅಸ್ರಿನ ಹೊತ್ತಿಗೆ ಪರಿಚಯದ ಒಂದು ಮನೆಗೆ ಮೊದಲೇ ತಿಳಿಸಿಟ್ಟರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ.

ಉಳಿದರ್ಧ ಜಮಾಅತ್‌ಗಳ ಕೈಯಲ್ಲಿದೆ. ಮಹಿಳೆಯರು ಮಸೀದಿಗೆ ಬರುವ ವಿಷಯದಲ್ಲಿ ವಿದ್ವಾಂಸರ ಭಿನ್ನಾಭಿಪ್ರಾಯ ನಮಗೆ ತಿಳಿದಿದೆ. ಅದನ್ನು ಕೆದಕುವ ಉದ್ದೇಶ ನಮಗಿಲ್ಲ. ಮಾಣಿಯಿಂದ ಪುತ್ತೂರು, ಸುಳ್ಯ ಹಾದು ಸಂಪಾಜೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿ ಮಸೀದಿಗಳಿಗೂ ಮದ್ರಸ ಕಟ್ಟಡಗಳಿಗೂ ಕೊರತೆಯಿಲ್ಲ. ಭಾನುವಾರ ಮಧ್ಯಾಹ್ನದ ಮೇಲೆ ಮದ್ರಸದ ತರಗತಿ ಕೋಣೆಗಳು ಖಾಲಿ. ಪ್ರಯಾಣದಲ್ಲಿರುವ ಮಹಿಳೆಯರಿಗಾಗಿ ಅವುಗಳಲ್ಲಿ ಒಂದನ್ನು ತೆರೆದು, ಒಂದು ನಲ್ಲಿ, ಒಂದು ಪರದೆ, ನಾಲ್ಕು ಮುಸಲ್ಲಾ ಇರಿಸಿ, ಶೌಚಾಲಯದ ಬೀಗ ತೆಗೆದು, ರಸ್ತೆಗೆ ಕಾಣುವಂತೆ ಒಂದು ಫಲಕ ತೂಗುಹಾಕುವುದಕ್ಕೆ ಮುಂದಿನ ಮಹಾಸಭೆಯವರೆಗೆ ಕಾಯಬೇಕಾಗಿಲ್ಲ.