ಸೀಲ್ ಒಡೆಯದ ಪೆಟ್ಟಿಗೆಯಲ್ಲಿ ನಾವು ಮಾರುವುದೇನು?

ಕ್ರಿಕೆಟ್ ಆಟಗಾರರ ಕಾರ್ಡ್‌ಗಳ ಪೆಟ್ಟಿಗೆಯನ್ನು ಒಡೆಯಬೇಕೋ, ಸೀಲ್ ಹಾಗೇ ಇಟ್ಟು ಜೋಪಾನ ಮಾಡಬೇಕೋ? ಮದ್ರಸದ ಮಕ್ಕಳ ಬಾಯಲ್ಲಿ ಶುರುವಾದ ಈ ಪ್ರಶ್ನೆ ಈಗ ಮನೆಯ ದೊಡ್ಡವರ ತನಕ ಬಂದಿದೆ. ಕರಾವಳಿಯಿಂದ ಬಂದು ಬಂಗಾರಪೇಟೆ, ಕೆಜಿಎಫ್ ಕಡೆ ನೆಲೆಸಿದ ನಮ್ಮವರ ಮನೆಗಳಲ್ಲೂ ಇಂಥ ಪೆಟ್ಟಿಗೆ ಕಾಣುತ್ತದೆ. ಗಲ್ಫ್‌ನಿಂದ ರಜೆಗೆ ಬಂದವರು ಉಡುಗೊರೆ ಎಂದು ತರುತ್ತಾರೆ, ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವ ಹುಡುಗರು ಸಂಬಳದಲ್ಲಿ ಕೊಳ್ಳುತ್ತಾರೆ. ಚಿಕ್ಕವರು "ಈಗಲೇ ಒಡೆಯೋಣ" ಅಂತಾರೆ. ದೊಡ್ಡವರು "ಮುಟ್ಟಬೇಡಿ, ಐದು ವರ್ಷ ಇಟ್ಟರೆ ತಂಗಿಯ ಮದುವೆ ಖರ್ಚಿಗಾಗುತ್ತದೆ" ಅಂತಾರೆ. ಕೊನೆಗೆ ಉಮ್ಮಂದಿರು ಕೇಳುವುದು ನಮ್ಮನ್ನು: "ಉಸ್ತಾದರೇ, ಏನು ಮಾಡೋದು?"

ನಾವು ಹೇಳುವುದು ಇಷ್ಟೇ. ಒಡೆಯಿರಿ. ಮಕ್ಕಳು ಆಡಲಿ. ಮಾರುವುದಿದ್ದರೆ ಒಳಗಿರುವುದನ್ನು ತೋರಿಸಿ ಮಾರಿ.

ಕಾರ್ಡ್ ಕೂಡಿಡುವ ಆಸೆ ನಮ್ಮೂರಿಗೆ ಹೊಸದಲ್ಲ. ಇವತ್ತಿನ ತಂದೆಯಂದಿರು ಶಾಲೆಗೆ ಹೋಗುವಾಗ ಟ್ರಂಪ್ ಕಾರ್ಡ್ ಆಡಿದವರೇ. ಐಪಿಎಲ್ ಬಂದ ಮೇಲೆ ಟಾಪ್ಸ್ ಕಂಪನಿಯ 'ಕ್ರಿಕೆಟ್ ಅಟ್ಯಾಕ್ಸ್' ಬಂತು. ಪ್ಯಾಕೆಟ್ ಒಡೆದ ಮೇಲಷ್ಟೇ ಯಾವ ಆಟಗಾರ ಸಿಕ್ಕಿದ ಎಂದು ಗೊತ್ತಾಗುವುದು. ಅದರಲ್ಲಿ ಕೆಲವು ಕಾರ್ಡ್ ಅಪರೂಪ. ಆದರೆ ಆಗ ಪ್ಯಾಕೆಟ್ ಕೊಂಡ ಹುಡುಗ ಅಂಗಡಿಯ ಮೆಟ್ಟಿಲಲ್ಲೇ ಹರಿದು ನೋಡುತ್ತಿದ್ದ. ಹರಿಯದೆ ಬೀರುವಿನಲ್ಲಿ ಇಡುವುದು ಈಗಿನ ರೂಢಿ. ಆಟದ ಸಾಮಾನು ಹೂಡಿಕೆಯಾಯಿತು.

ಇಡಬೇಕು ಎನ್ನುವವರ ವಾದವನ್ನು ತಳ್ಳಿಹಾಕುವಂತಿಲ್ಲ. 1952ರಲ್ಲಿ ಅಮೆರಿಕದಲ್ಲಿ ಟಾಪ್ಸ್ ಅಚ್ಚು ಹಾಕಿದ ಬೇಸ್‌ಬಾಲ್ ಆಟಗಾರ ಮಿಕ್ಕಿ ಮ್ಯಾಂಟಲ್‌ನ ಒಂದು ಕಾರ್ಡ್ 2022ರಲ್ಲಿ 1.26 ಕೋಟಿ ಡಾಲರ್‌ಗೆ ಹರಾಜಾಯಿತು. ಆದರೆ ಅದಕ್ಕೆ ಅಷ್ಟು ಬೆಲೆ ಬಂದದ್ದು ಯಾಕೆ? ಆ ಕಾಲದಲ್ಲಿ ಯಾರೂ ಅದನ್ನು ಆಸ್ತಿಯೆಂದು ಕೂಡಿಡಲಿಲ್ಲ, ಮಕ್ಕಳು ಆಡಿ ಹಾಳು ಮಾಡಿದರು, ಉಳಿದದ್ದು ಕಡಿಮೆ. ಬೆಲೆ ಏರಿದ ಸುದ್ದಿ ಹಬ್ಬಿದ ಮೇಲೆ, 1980ರ ದಶಕದ ಕೊನೆ ಮತ್ತು 90ರ ದಶಕದ ಆರಂಭದಲ್ಲಿ, ಅಲ್ಲಿನ ಜನ ಪೆಟ್ಟಿಗೆಗಟ್ಟಲೆ ಕೊಂಡು ಸೀಲ್ ಒಡೆಯದೆ ಇಟ್ಟರು. ಕಂಪನಿಗಳೂ ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದವು. ಆ ವರ್ಷಗಳ ಹೆಚ್ಚಿನ ಪೆಟ್ಟಿಗೆಗಳಿಗೆ ಮೂವತ್ತು ವರ್ಷ ಕಳೆದರೂ ದೊಡ್ಡ ಬೆಲೆ ಬರಲಿಲ್ಲ. ಎಲ್ಲರೂ ಕೂಡಿಟ್ಟ ವಸ್ತು ಅಪರೂಪವಾಗುವುದು ಹೇಗೆ? ಇವತ್ತು ನಮ್ಮ ಹುಡುಗರು ಮಾಡುತ್ತಿರುವುದೂ ಅದನ್ನೇ.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಸೀಲ್ ಇರುವ ಪೆಟ್ಟಿಗೆಗೆ ಒಳಗಿನ ಕಾರ್ಡ್‌ಗಳಿಗಿಂತ ಹೆಚ್ಚು ಬೆಲೆ ಬರುವುದುಂಟು. ಲೆಕ್ಕಕ್ಕೆ ಹೇಳುವುದಾದರೆ, 3,000 ರೂಪಾಯಿಯ ಪೆಟ್ಟಿಗೆ ಒಡೆದು ಒಂದೊಂದೇ ಕಾರ್ಡ್ ಮಾರಿದರೆ 1,200 ಸಿಕ್ಕಿತು ಎಂದಿಟ್ಟುಕೊಳ್ಳಿ. ಹಾಗಾದರೆ ಉಳಿದ 1,800 ರೂಪಾಯಿ ಯಾವುದರ ಬೆಲೆ? ಕಾಗದದ್ದಲ್ಲ, ಅಚ್ಚಿನದ್ದಲ್ಲ. 'ಒಳಗೆ ಏನೋ ದೊಡ್ಡದು ಇರಬಹುದು' ಎಂಬ ಆಸೆಯ ಬೆಲೆ. ಸೀಲ್ ಒಡೆದ ಕ್ಷಣ ಅದು ಮಾಯ. ಒಡೆಯದೆ ಮಾರಿದರೆ ಲಾಭ ಎನ್ನುವುದು ನಿಜ, ಆದರೆ ಆ ಲಾಭ ಬರುವುದು ಕೊಳ್ಳುವವನಿಗೆ ಒಳಗಿರುವುದು ಗೊತ್ತಿಲ್ಲ ಎಂಬುದರಿಂದ.

ಮಾರುವವನಿಗೂ ಕೊಳ್ಳುವವನಿಗೂ ಏನು ಕೈ ಬದಲಾಗುತ್ತದೆ ಎಂದೇ ಸ್ಪಷ್ಟವಿಲ್ಲದ ಇಂಥ ವ್ಯವಹಾರವನ್ನು ಪ್ರವಾದಿ(ಸ)ರವರು ವಿರೋಧಿಸಿದ್ದಾರೆ. 'ಗರರ್' ಎನ್ನುವುದು ಇದನ್ನೇ. 'ಮುಲಾಮಸ' ಎಂಬ ಇನ್ನೊಂದು ವ್ಯಾಪಾರವನ್ನೂ ತಡೆದರು. ಮಡಿಸಿಟ್ಟ ಬಟ್ಟೆಯನ್ನು ಬಿಡಿಸಿ ನೋಡದೆ, ಬರೀ ಕೈಯಲ್ಲಿ ಮುಟ್ಟಿದರೆ ಸಾಕು, ವ್ಯಾಪಾರ ಮುಗಿಯಿತು ಎನ್ನುವ ಪದ್ಧತಿ ಅದು. ಸೀಲ್ ಪೆಟ್ಟಿಗೆಗೂ ಅದಕ್ಕೂ ಎಷ್ಟು ದೂರ, ನೀವೇ ನೋಡಿ. ಕಾಣದ ವಸ್ತುವಿನ ಮಾರಾಟದ ವಿಷಯದಲ್ಲಿ ನಮ್ಮ ಶಾಫಿಈ ಕರ್ಮಶಾಸ್ತ್ರ ಇನ್ನೂ ಬಿಗಿ.

"ಹಾಗಾದರೆ ತೆಂಗಿನಕಾಯಿ ಒಡೆದು ನೋಡಿ ಕೊಳ್ತೀವಾ ಉಸ್ತಾದ್?" ಎಂದು ಜಾಣ ಹುಡುಗರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ತೆಂಗಿನಕಾಯಿಯ ಚಿಪ್ಪು, ದಾಳಿಂಬೆಯ ಸಿಪ್ಪೆ, ಮೊಟ್ಟೆಯ ಹೊರಗವಚ ಒಳಗಿನದನ್ನು ಕಾಪಾಡಲು ಇರುವಂಥವು. ಅದಕ್ಕೇ ಅವನ್ನು ಹಾಗೇ ಮಾರಲು ಅನುಮತಿ ಇದೆ. ಹತ್ತು ಕಾಯಿಯಲ್ಲಿ ಒಂದು ಕೆಟ್ಟಿರಬಹುದು, ಆದರೆ ಒಂದರಲ್ಲಿ ಚಿನ್ನ, ಒಂಬತ್ತರಲ್ಲಿ ಬರೀ ನಾರು ಎಂದು ಯಾರೂ ತುಂಬಿಸಿಟ್ಟಿಲ್ಲ. ಕಾರ್ಡ್ ಪೆಟ್ಟಿಗೆಯ ಸೀಲ್ ಇರುವುದು ಒಳಗಿನದು ಕಾಣದಿರಲಿ ಎಂದೇ.

ಕೆಜಿಎಫ್‌ನಲ್ಲಿ ಇದ್ದವರಿಗೆ ಇದು ಬೇಗ ಅರ್ಥವಾಗಬೇಕು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅದಿರಿನಿಂದ ತೆಗೆದು ಉಳಿದ ಮಣ್ಣಿನ ಸೈನೈಡ್ ದಿಬ್ಬಗಳು ಇಂದಿಗೂ ಊರಿನ ಸುತ್ತ ನಿಂತಿವೆ, ಅವುಗಳಲ್ಲಿ ಚಿನ್ನ ಇನ್ನೂ ಇದೆ ಎಂಬ ಮಾತು ನಿಂತಿಲ್ಲ. ಆದರೆ ಅಲ್ಲಿ ಒಂದು ಕ್ರಮ ಇದೆ. ಮಣ್ಣಿನ ಮಾದರಿ ತೆಗೆದು ಪರೀಕ್ಷೆ ಮಾಡಿ, ಟನ್‌ಗೆ ಎಷ್ಟು ಗ್ರಾಂ ಎಂದು ಅಳೆದು, ಆಮೇಲೆ ದುಡ್ಡು ಹಾಕುವ ಮಾತು. ಕಾರ್ಡ್ ಪೆಟ್ಟಿಗೆಯಲ್ಲಿ ಮಾದರಿ ತೆಗೆಯುವ ಹಾಗಿಲ್ಲ. ತೆಗೆದರೆ ಬೆಲೆಯೇ ಹೋಯಿತು.

ಸೀಲ್ ನೋಡಿ ನಂಬುವುದೂ ಕಷ್ಟ. ಅಮೆರಿಕದ ಯೂಟ್ಯೂಬರ್ ಲೋಗನ್ ಪೌಲ್ ಹಳೆಯ ಪೋಕೆಮಾನ್ ಕಾರ್ಡ್‌ಗಳ ಸೀಲ್ ಪೆಟ್ಟಿಗೆಗೆ 35 ಲಕ್ಷ ಡಾಲರ್ ಕೊಟ್ಟರು. ಪರಿಣತರು ಅಸಲಿ ಎಂದು ದೃಢೀಕರಿಸಿದ್ದ ಪೆಟ್ಟಿಗೆ ಅದು. 2022ರ ಜನವರಿಯಲ್ಲಿ ಒಡೆದರೆ ಒಳಗಿದ್ದದ್ದು ಬೇರೆಯೇ ಜಿ.ಐ. ಜೋ ಕಾರ್ಡ್‌ಗಳು! ಅವರಿಗೆ ದುಡ್ಡು ವಾಪಸ್ ಸಿಕ್ಕಿತು. ಆನ್‌ಲೈನ್‌ನಲ್ಲಿ ಗುರುತಿಲ್ಲದವನಿಂದ ಕೊಂಡ ನಮ್ಮ ಹುಡುಗನಿಗೆ ಯಾರು ವಾಪಸ್ ಕೊಡುತ್ತಾರೆ?

ಈಗ ಇನ್ನೊಂದು ಶುರುವಾಗಿದೆ. ಹತ್ತು ಜನ ದುಡ್ಡು ಹಾಕಿ, ಒಬ್ಬೊಬ್ಬರು ಒಂದೊಂದು ತಂಡ ಆರಿಸಿ, ಲೈವ್ ವಿಡಿಯೋದಲ್ಲಿ ಪೆಟ್ಟಿಗೆ ಒಡೆಯುವುದು. ನಿಮ್ಮ ತಂಡದ ಕಾರ್ಡ್ ಬಂದರೆ ನಿಮಗೆ, ಇಲ್ಲದಿದ್ದರೆ ದುಡ್ಡು ಹೋಯಿತು. ಇದನ್ನು ಕಾರ್ಡ್ ಹವ್ಯಾಸ ಎನ್ನಬೇಡಿ. ಇದು ಜೂಜು. ಮಕ್ಕಳ ಮೊಬೈಲ್‌ನಲ್ಲಿ ಇದು ಕಂಡರೆ ಕೂಡಲೇ ಕೂರಿಸಿಕೊಂಡು ಮಾತಾಡಿ.

ಹಾಗಾದರೆ ಮನೆಯಲ್ಲಿ ಈಗಾಗಲೇ ಇರುವ ಪೆಟ್ಟಿಗೆಗೆ ಏನು ಮಾಡುವುದು? ಉಡುಗೊರೆಯಾಗಿ ಬಂದದ್ದಾದರೆ ಮಕ್ಕಳನ್ನು ಕೂರಿಸಿ ಒಡೆಯಿರಿ, ಒಳಗಿರುವುದನ್ನು ಹಂಚಿಕೊಳ್ಳಲಿ. ಬೆಲೆಯ ಕಾರ್ಡ್ ಸಿಕ್ಕಿದರೆ ಅದರ ಮೂಲೆ ಮಡಿಸಿದೆಯೋ, ಗೀರು ಇದೆಯೋ ಎಂದು ತೋರಿಸಿ, ಹೇಳಿ ಮಾರಿ. ಆ ದುಡ್ಡಿನಲ್ಲಿ ಸಂಶಯ ಇಲ್ಲ. ಮುಂದೆ ಮಾರುವುದಕ್ಕೆಂದೇ ಹಣ ಕೊಟ್ಟು ಕೊಂಡು ಇಟ್ಟಿದ್ದರೆ ಅದು ವ್ಯಾಪಾರದ ಸರಕು. ವರ್ಷ ತುಂಬಿ ನಿಸಾಬ್ ಮುಟ್ಟಿದರೆ ಆ ದಿನದ ಮಾರುಕಟ್ಟೆ ಬೆಲೆಗೆ ಶೇಕಡ 2.5ರಂತೆ ಝಕಾತ್ ಬರುತ್ತದೆ. ಬೀರುವಿನಲ್ಲಿ ಇಟ್ಟವರಲ್ಲಿ ಎಷ್ಟು ಮಂದಿ ಇದನ್ನು ಲೆಕ್ಕಕ್ಕೆ ಹಿಡಿದಿದ್ದೀರಿ? ಫತ್ವಾ ಕೊಡುವ ಸ್ಥಾನ ನಮ್ಮದಲ್ಲ, ಸಂಶಯ ಇದ್ದರೆ ನಿಮ್ಮ ಜಮಾಅತಿನ ಖತೀಬರಲ್ಲಿ ಕೇಳಿ.

ತಂಗಿಯ ಮದುವೆಗೆ ಕೂಡಿಡುವುದಿದ್ದರೆ ಎಷ್ಟಿದೆ ಎಂದು ಎಣಿಸಿ ಹೇಳಬಹುದಾದದ್ದನ್ನೇ ಕೂಡಿಡಿ. ಆ ಹುಡುಗಿಯ ಮದುವೆಯನ್ನು ಕಾಣದ ಕಾರ್ಡಿನ ಮೇಲೆ ನಿಲ್ಲಿಸಬೇಡಿ.