ಮಾತಿಗೆ ಸೂಜಿಮದ್ದಿಲ್ಲ

ಮೂರು ವರ್ಷದ ಮಗುವಿಗೆ ಅರಿವಳಿಕೆ ಕೊಟ್ಟು, ಸೊಂಟದ ಮೂಳೆಗೆ ಸೂಜಿ ಇಳಿಸಿ ಮಜ್ಜೆ ತೆಗೆಯುತ್ತಾರೆ. ಅದರಿಂದ ಬೇರ್ಪಡಿಸಿದ ಕೋಶಗಳನ್ನು ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಚುಚ್ಚುತ್ತಾರೆ. ಮಗು ಮಾತಾಡುತ್ತಿಲ್ಲ, ಹೆಸರು ಕೂಗಿದರೆ ತಿರುಗುತ್ತಿಲ್ಲ ಎಂಬ ಕಾರಣಕ್ಕೆ ಇಷ್ಟೆಲ್ಲ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಎಂದು ಲಕ್ಷಗಟ್ಟಲೆ ಹಣಕ್ಕೆ ಮಾರುತ್ತಾ ಬಂದಿರುವುದು ಇದನ್ನೇ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ, ಕೆಲವು ರಕ್ತದ ಕಾಯಿಲೆಗಳಂಥವಕ್ಕೆ ಒಪ್ಪಿಗೆ ಪಡೆದ ಬಳಕೆಯನ್ನು ಬಿಟ್ಟರೆ ಸ್ಟೆಮ್ ಸೆಲ್ ಬಳಕೆಯೆಲ್ಲ ಇನ್ನೂ ಪ್ರಯೋಗದ ಹಂತದ್ದು. ಪ್ರಯೋಗಕ್ಕೆ ರೋಗಿಯಿಂದ ಹಣ ವಸೂಲಿ ಮಾಡುವಂತಿಲ್ಲ. 2022ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕತೆ ಮತ್ತು ವೈದ್ಯಕೀಯ ನೋಂದಣಿ ಮಂಡಳಿ, ಆಟಿಸಂಗೆ ಇದನ್ನು ಸೂಚಿಸುವುದೂ ಪ್ರಚಾರ ಮಾಡುವುದೂ ವೃತ್ತಿ ದುರ್ನಡತೆ ಎಂದಿತು.

'ಬೇರೆ ದಾರಿ ಕಾಣದ ಹೆತ್ತವರ ಆಸೆಯನ್ನು ಯಾಕೆ ಕಿತ್ತುಕೊಳ್ಳುತ್ತೀರಿ' ಎನ್ನುವವರಿದ್ದಾರೆ. ದಾರಿ ಇದೆ. ಅದನ್ನು ಹೆತ್ತವರಿಗೆ ತೋರಿಸಿದವರಿಲ್ಲ. ನನ್ನ ಸಿಟ್ಟು ಮಾರುವವರ ಮೇಲೆ ಎಷ್ಟಿದೆಯೋ ಈ ಮೌನದ ಮೇಲೂ ಅಷ್ಟೇ ಇದೆ.

ಎರಡು ವರ್ಷವಾದರೂ 'ಅಮ್ಮ ಬಾ', 'ಹಾಲು ಬೇಕು' ಎಂದು ಎರಡು ಪದ ಜೋಡಿಸದ ಮಗುವಿಗೆ ಮನೆಯಲ್ಲಿ ಬಜೆ ತೇಯ್ದು ನೆಕ್ಕಿಸುತ್ತಾರೆ. 'ಗಂಡು ಮಕ್ಕಳಿಗೆ ಮಾತು ತಡ, ಅವರಪ್ಪನೂ ಹಾಗೇ ಇದ್ದ' ಎನ್ನುತ್ತಾರೆ ಅಜ್ಜಿ. ಅಜ್ಜಿಯನ್ನು ದೂರಲಾರೆ. ಮೊದಲು ಕಿವಿ ಕೇಳುತ್ತದೆಯೇ ಎಂದು ಪರೀಕ್ಷೆ ಮಾಡಿಸಿ ಎಂದು ಹೇಳಬೇಕಾದ ವೈದ್ಯರೇ ಎಷ್ಟೋ ಸಲ 'ನೋಡೋಣ, ಇನ್ನಾರು ತಿಂಗಳು ಕಾಯಿರಿ' ಎಂದು ಕಳಿಸಿಬಿಡುತ್ತಾರೆ. ಆ ಆರು ತಿಂಗಳು, ಆಮೇಲಿನ ಇನ್ನೊಂದು ವರ್ಷ, ಮೆದುಳು ವೇಗವಾಗಿ ಬೆಳೆಯುವ ಕಾಲ.

ಸರಿಯಾದ ಥೆರಪಿ ನೋಡುವುದಕ್ಕೆ ಏನೂ ಅನ್ನಿಸುವುದಿಲ್ಲ. ನಾನು ಕಂಡ ಕೋಣೆಯಲ್ಲಿ ಒಂದು ಚಾಪೆ, ಒಂದು ಕನ್ನಡಿ. ತಾಯಿ ಚಕ್ಕುಲಿಯ ಒಂದು ಚೂರನ್ನು ತನ್ನ ಮುಖದ ಹತ್ತಿರ ಹಿಡಿದು ಸುಮ್ಮನೆ ಕಾಯುತ್ತಿದ್ದರು. ಮಗು ಅವರ ಕೈ ಎಳೆಯಿತು, ಅತ್ತಿತು. ಕೊಡಲು ಹೋದ ತಾಯಿಯನ್ನು ಥೆರಪಿಸ್ಟ್ ಕಣ್ಸನ್ನೆಯಲ್ಲೇ ತಡೆದರು. ಕೊನೆಗೊಮ್ಮೆ ಮಗು ತಲೆಯೆತ್ತಿ ಅಮ್ಮನ ಕಣ್ಣು ನೋಡಿತು. ಆ ಕ್ಷಣವೇ ಚಕ್ಕುಲಿ ಕೈಗೆ ಬಂತು. ಇದನ್ನೇ ಮನೆಯಲ್ಲಿ ಸ್ನಾನದಲ್ಲಿ, ಊಟದಲ್ಲಿ, ದಿನಕ್ಕೆ ಹತ್ತಾರು ಸಲ ಮಾಡಬೇಕು, ವರ್ಷಗಟ್ಟಲೆ. ಆಟಿಸಂ ಇದರಿಂದ ಹೋಗಿಬಿಡುವುದಿಲ್ಲ. ಮಗು ಬೇಕಾದ್ದನ್ನು ಕೇಳಲು ಕಲಿಯುತ್ತದೆ, ಕೆಲವೊಮ್ಮೆ ಮಾತಿನಲ್ಲಿ, ಕೆಲವೊಮ್ಮೆ ಚಿತ್ರ ತೋರಿಸಿ. ಈ ನಿಧಾನವನ್ನು ಹೆತ್ತವರನ್ನು ಕೂರಿಸಿಕೊಂಡು ವಿವರಿಸದಿದ್ದರೆ ಅವರು ಸೂಜಿಯ ಕಡೆಗೇ ಹೋಗುತ್ತಾರೆ.

2013ರಲ್ಲೇ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಯಿತು. ಅಂಗನವಾಡಿಯಲ್ಲೇ ತಪಾಸಣೆ, ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕಾ ಕೇಂದ್ರದಲ್ಲಿ ಉಚಿತ ಥೆರಪಿ ಎಂಬುದು ಅದರ ಲೆಕ್ಕ. ವಾಕ್ ತಜ್ಞರ ಹುದ್ದೆ ಖಾಲಿ ಬಿದ್ದ ಕಡೆ ಆ ಕೇಂದ್ರ ಬರೀ ಬೋರ್ಡು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥದ್ದು ನಮ್ಮಲ್ಲೇ ಇರುವಾಗ ಹಳ್ಳಿಯ ತಾಯಿ ಥೆರಪಿಗೆ ಊರೂರು ಅಲೆಯಬೇಕೇ? ಆ ಹುದ್ದೆಗಳನ್ನು ಸರ್ಕಾರ ತುಂಬಲಿ. ಜಾಹೀರಾತು ಕೊಟ್ಟವರ ಮೇಲೆ ವೈದ್ಯಕೀಯ ಪರಿಷತ್ತು ದೂರಿಗೆ ಕಾಯದೆ ಕ್ರಮ ಕೈಗೊಳ್ಳಲಿ. ಇನ್ನು ತಾಯಿ-ಮಗುವಿನ ಆರೋಗ್ಯದ ದಾಖಲೆಗೆಂದು ಸರ್ಕಾರ ಕೊಡುವ ತಾಯಿ ಕಾರ್ಡ್: ಮಗು ಯಾವ ತಿಂಗಳಿಗೆ ಏನು ಮಾಡಬೇಕೆಂದು ಅದರಲ್ಲಿ ಚಿತ್ರಸಮೇತ ಇದೆ. ಲಸಿಕೆ ಹಾಕುವ ಸಿಬ್ಬಂದಿ ಆ ದಿನ ತೂಕ ಬರೆದು ಕಾರ್ಡ್ ಮುಚ್ಚುವ ಮೊದಲು ಆ ಪುಟವನ್ನೂ ತೆರೆದು, ತಾಯಿಯ ಪಕ್ಕ ಕೂತು, ಒಂದೊಂದೇ ಕೇಳಿ ಗುರುತು ಹಾಕಲಿ.